ತಪ್ಪು ಹುಡುಕುವವರನ್ನು ಹುಡುಕಿಕೊಂಡು

ಪ್ಲಾಸ್ಟಿಕ್ ವಿಮಾನ ಮಾದರಿಗಳ ಲೋಕದಲ್ಲಿ 1:72 ತುಂಬ ಹಳೆಯ, ತುಂಬ ಬಳಕೆಯ ಅಳತೆ. ಅಸಲಿ ವಿಮಾನದ ಆರಡಿ ಇಲ್ಲಿ ಒಂದಂಗುಲ. ಲೆಕ್ಕ ಸುಲಭ, ಆದರೆ ಕೈಕೆಲಸ ಮಾಡುವವನ ಪಾಲಿಗೆ ಕರುಣೆಯಿಲ್ಲದ ಲೆಕ್ಕ. ರೆಕ್ಕೆ ಬಂದು ಮೈಗೆ ಸೇರುವಲ್ಲಿ ಒಂದು ಮಿಲಿಮೀಟರ್ ಸಂದು ಉಳಿದರೆ ಅಸಲಿ ವಿಮಾನದಲ್ಲಿ ಅದು ಏಳು ಸೆಂಟಿಮೀಟರ್ ದಾಟಿದ ಬಿರುಕು. ತಲೆಗೂದಲಿನ ದಪ್ಪದ ಗೀರು ಕೂಡ ಸುಮಾರು ಐದು ಮಿಲಿಮೀಟರ್ ಆಗಿಬಿಡುತ್ತದೆ. ಸ್ಕೇಲ್ ಮಾಡೆಲ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಚಿಕ್ಕ ಟಾರ್ಚ್ ಹಿಡಿದು, ಮೇಜಿನ ಮೇಲೆ ಬಗ್ಗಿ, ಮೊದಲು ಹುಡುಕುವುದು ಇಂಥವನ್ನೇ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಂಡರೆ ಅಚ್ಚರಿಯಿಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ಶುಲ್ಕ ಕಟ್ಟಿ, ಊರಿಂದೂರಿಗೆ ಹೊತ್ತೊಯ್ದು, ಐಬು ಹುಡುಕುವುದನ್ನೇ ಕೆಲಸ ಮಾಡಿಕೊಂಡವರ ಮುಂದಿಡುವುದೇಕೆ? ಗೆದ್ದರೂ ಸಿಗುವುದು ಒಂದು ಫಲಕವೋ ಪದಕವೋ, ಅಷ್ಟೆ. ಈ ಪ್ರಶ್ನೆಗೆ ಉತ್ತರ ಬಹುಮಾನದಲ್ಲಿಲ್ಲ, ಆ ಟಾರ್ಚಿನಲ್ಲೇ ಇದೆ ಎಂಬುದು ಈ ಲೇಖನದ ವಾದ. ಸ್ಪರ್ಧೆಯ ಅಳತೆಗೋಲು ಕಿರಿದಾದದ್ದು, ಬೇಕೆಂದೇ ಕಿರಿದು ಮಾಡಿದ್ದು. ಕಿರಿದಾಗಿರುವುದರಿಂದಲೇ ಅದು ತಕ್ಕಮಟ್ಟಿಗೆ ನ್ಯಾಯವಾಗಿದೆ, ಮತ್ತು ಹವ್ಯಾಸಿಗೆ ಬೇರೆಲ್ಲೂ ಸಿಗದ ಒಂದು ವಸ್ತುವನ್ನು ಕೊಡುತ್ತದೆ.

ಈ ಸ್ಪರ್ಧೆಗಳು ಹುಟ್ಟಿದ ಬಗೆಯನ್ನು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಮಾದರಿಗಳನ್ನು ಮಾಡುವುದು ಹಳೆಯ ಕಸುಬು. ಮರ ಕೆತ್ತಿ, ತಗಡು ಬಗ್ಗಿಸಿ ಹಡಗು, ಬಂಡಿ ಮಾಡುತ್ತಿದ್ದವರು ಎಲ್ಲ ಕಾಲದಲ್ಲೂ ಇದ್ದರು. ಆದರೆ ಪ್ಲಾಸ್ಟಿಕ್ ಕಿಟ್ ಬಂದಾಗ ಹೊಸದೊಂದು ಸಂಗತಿ ನಡೆಯಿತು. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಸಂಸ್ಥೆ ‘ಪೆಂಗ್ವಿನ್’ ಹೆಸರಿನಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳ ವಿಮಾನಗಳನ್ನು ಮಾರುಕಟ್ಟೆಗೆ ತಂದಿತು. 1953ರಲ್ಲಿ ಏರ್‌ಫಿಕ್ಸ್ ತನ್ನ ಮೊದಲ ವಿಮಾನದ ಕಿಟ್ ಆಗಿ ಸ್ಪಿಟ್‌ಫೈರನ್ನು ಬಿಡುಗಡೆ ಮಾಡಿತು. ಅಚ್ಚಿನಿಂದ ಬಂದ ಬಿಡಿಭಾಗಗಳು ಎಲ್ಲರಿಗೂ ಒಂದೇ, ಪೆಟ್ಟಿಗೆಯೊಳಗಿನ ಸೂಚನಾ ಹಾಳೆಯೂ ಒಂದೇ. ಹಾಗಾದ ಮೇಲೆ ಇಬ್ಬರ ಮಾದರಿಗಳ ನಡುವೆ ಉಳಿದ ವ್ಯತ್ಯಾಸ ಕೈಯದು ಮಾತ್ರ. ಹೋಲಿಕೆ ಸಾಧ್ಯವಾದದ್ದೇ ಇದರಿಂದ. ಹತ್ತೇ ವರ್ಷದಲ್ಲಿ, 1963ರಲ್ಲಿ, ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಮಾದರಿಕಾರರ ಅಂತರರಾಷ್ಟ್ರೀಯ ಸಂಘ, ಅಂದರೆ ಐ.ಪಿ.ಎಂ.ಎಸ್., ಹುಟ್ಟಿತು. ಮರುವರ್ಷವೇ ಅಮೆರಿಕದ ಶಾಖೆ ಬಂತು. ಇಂದು ಅಮೆರಿಕದ ವಾರ್ಷಿಕ ಸಮಾವೇಶ ಮತ್ತು ಇಂಗ್ಲೆಂಡಿನ ಟೆಲ್ಫರ್ಡ್‌ನಲ್ಲಿ ನವೆಂಬರಿನಲ್ಲಿ ನಡೆಯುವ ಪ್ರದರ್ಶನ ಎರಡೂ ಈ ಹವ್ಯಾಸದ ದೊಡ್ಡ ಜಾತ್ರೆಗಳು.

ತೀರ್ಪುಗಾರ ನಿಜವಾಗಿ ನೋಡುವುದೇನನ್ನು? ಸಾಮಾನ್ಯವಾಗಿ ವಿಮಾನದ ಒಡಲು ಎಡ ಬಲ ಎಂದು ಎರಡು ಹೋಳಾಗಿ ಬರುತ್ತದೆ. ಅಂಟು ಪ್ಲಾಸ್ಟಿಕ್ಕನ್ನು ತುಸು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ, ಆದರೆ ಬೆನ್ನಿನುದ್ದಕ್ಕೂ ಗೆರೆಯೊಂದು ಉಳಿಯುತ್ತದೆ. ಹೆಚ್ಚಿನ ಅಸಲಿ ವಿಮಾನಗಳಲ್ಲಿ ಅಂಥ ಗೆರೆ ಇಲ್ಲ. ಅದಕ್ಕೆ ಪುಟ್ಟಿ ತುಂಬಬೇಕು, ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಕು, ಉಜ್ಜುವಾಗ ಅಳಿಸಿಹೋದ ತಗಡಿನ ಗೆರೆಗಳನ್ನು ಸೂಜಿಮೊನೆಯಿಂದ ಮತ್ತೆ ಕೊರೆಯಬೇಕು. ಕಾರ್ಖಾನೆಯಲ್ಲಿ ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿನಿಂದ ಹೊರಕ್ಕೆ ತಳ್ಳುವ ಸರಳುಗಳು ಬಿಟ್ಟುಹೋದ ದುಂಡು ಗುರುತುಗಳು, ದಪ್ಪ ಭಾಗ ಆರುವಾಗ ಬಿದ್ದ ತಗ್ಗುಗಳು, ಇವೆಲ್ಲ ಮಾಯವಾಗಿರಬೇಕು. ಆಮೇಲೆ ನೇರದ ಪ್ರಶ್ನೆ. ಮುಂದಿನಿಂದ ನೋಡಿದರೆ ಎರಡೂ ರೆಕ್ಕೆ ಒಂದೇ ಕೋನದಲ್ಲಿ ಏರಿವೆಯೇ, ಬಾಲದ ರೆಕ್ಕೆ ಓರೆಯಾಗಿದೆಯೇ, ಟ್ಯಾಂಕ್ ಆದರೆ ಎಲ್ಲ ಚಕ್ರಗಳೂ ನೆಲ ಮುಟ್ಟಿವೆಯೇ, ಫಿರಂಗಿಯ ಬಾಯಿ ಟೊಳ್ಳಾಗಿದೆಯೇ? ಕಾರು ಆದರೆ ಹೊಳಪಿನ ಬಣ್ಣದ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದೆಯೇ? ಹಡಗಿನ ವಿಷಯವಂತೂ ಇನ್ನೂ ಕಷ್ಟ. 1:700 ಅಳತೆಯ ಹಡಗಿಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ ದಾರ ಕಟ್ಟಿದರೂ ಅದು ಏಳು ಸೆಂಟಿಮೀಟರ್ ದಪ್ಪದ ಹಗ್ಗವಾಗುತ್ತದೆ. ಹೀಗಾಗಿ ಕೆಲವರು ಅಚ್ಚಿನ ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿಯನ್ನೇ ಬೆಂಕಿಯ ಬಿಸಿಗೆ ಹಿಡಿದು ಜೇಡನೆಳೆಯಷ್ಟು ಸಣ್ಣಗೆ ಎಳೆಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಡೀಕಾಲ್. ವಿಮಾನದ ಮೇಲಿನ ಲಾಂಛನ, ಸಂಖ್ಯೆಗಳು ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳು ಪೊರೆಯ ಮೇಲೆ ಅಚ್ಚಾಗಿರುತ್ತವೆ. ಹೊಳಪಿಲ್ಲದ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಒರಟು. ಪೊರೆ ಅದರ ಮೇಲೆ ಕೂತಾಗ ಆ ಒರಟಿನ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡು, ಓರೆ ಬೆಳಕಿನಲ್ಲಿ ಬೆಳ್ಳಿಯಂತೆ ಮಿನುಗುತ್ತದೆ. ಬಲ್ಲವರು ಮೊದಲು ಹೊಳಪಿನ ವಾರ್ನಿಶ್ ಹೊಡೆದು ಮೇಲ್ಮೈಯನ್ನು ನುಣುಪು ಮಾಡಿ, ಡೀಕಾಲ್ ಕೂರಿಸಿ, ಮೇಲೆ ಮತ್ತೆ ಮಬ್ಬು ವಾರ್ನಿಶ್ ಕೊಡುತ್ತಾರೆ. ತೀರ್ಪುಗಾರ ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿಯುವುದು ಈ ಮಿನುಗನ್ನು ಹಿಡಿಯಲಿಕ್ಕೇ. ಮನೆಯ ಟ್ಯೂಬ್‌ಲೈಟ್ ಕೆಳಗೆ ಕಾಣದ ಎಷ್ಟೋ ಊನಗಳು ಆ ಓರೆ ಬೆಳಕಿಗೆ ಎದ್ದು ಬರುತ್ತವೆ.

ಇಷ್ಟು ಹೇಳಿದ ಮೇಲೆ ಓದುಗರಿಗೆ ಒಂದು ಸಂಶಯ ಬರಬೇಕು. ಅಸಲಿಗೆ ಎಷ್ಟು ಹೋಲುತ್ತದೆ ಎಂಬುದಲ್ಲವೇ ಮುಖ್ಯ? ಅಚ್ಚರಿಯೆಂದರೆ ಅದಲ್ಲ. ಅಮೆರಿಕದ ಐ.ಪಿ.ಎಂ.ಎಸ್. ಪದ್ಧತಿಯಲ್ಲಿ ಮೊದಲ ಗಮನ ಜೋಡಣೆ ಮತ್ತು ಬಣ್ಣದ ಮೂಲ ಕೌಶಲಕ್ಕೆ. ಚರಿತ್ರೆಯ ನಿಖರತೆಯ ಮಾತು ಬರುವುದು ಅದಾದ ಮೇಲೆ. ರಿವೆಟ್‌ಗಳನ್ನು ಎಣಿಸಿ ಜಗಳಕ್ಕೆ ನಿಲ್ಲುವ ಪಂಡಿತರಿಗೆ ಇದು ಹಿಡಿಸುವುದಿಲ್ಲ, ಆದರೆ ಇದರ ಹಿಂದೆ ಗಟ್ಟಿ ಕಾರಣವಿದೆ. ಎರಡನೇ ಮಹಾಯುದ್ಧದ ಜರ್ಮನ್ ಫೋಕೆ-ವುಲ್ಫ್ 190 ಯುದ್ಧವಿಮಾನವನ್ನು ತೆಗೆದುಕೊಳ್ಳಿ. ಅದರ ಬಣ್ಣಗಳ ಬಗ್ಗೆ ಪುಸ್ತಕಗಳ ಸಾಲೇ ಇದೆ, ಒಂದೊಂದು ಛಾಯೆಗೂ ಅಂದಿನ ಜರ್ಮನ್ ವಾಯು ಸಚಿವಾಲಯ ಕೊಟ್ಟ ಸಂಖ್ಯೆ ಹವ್ಯಾಸಿಗಳಿಗೆ ಬಾಯಿಪಾಠ. ಅದೇ ವಿಮಾನದ ವಿನ್ಯಾಸಕ ಕುರ್ಟ್ ಟ್ಯಾಂಕ್ ಆಮೇಲೆ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ರೂಪಿಸಿದರು. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ಒಬ್ಬನೇ ವಿನ್ಯಾಸಕನ ಎರಡು ವಿಮಾನಗಳು ಒಂದೇ ಮೇಜಿನ ಮೇಲೆ ಬಂದವು ಎಂದಿಟ್ಟುಕೊಳ್ಳಿ. ಟೆಲ್ಫರ್ಡ್‌ನಲ್ಲೋ ಅಮೆರಿಕದಲ್ಲೋ ಕೂತ ತೀರ್ಪುಗಾರ ಮೊದಲನೆಯದರ ಒಂದು ತಪ್ಪು ಛಾಯೆಯನ್ನು ಕ್ಷಣದಲ್ಲಿ ಹಿಡಿಯಬಲ್ಲ. ಮಾರುತ್ ಬಗ್ಗೆ ಅವನಿಗೆ ಅಷ್ಟು ಗೊತ್ತಿರುವ ಸಂಭವ ಕಡಿಮೆ. ನಿಖರತೆಯನ್ನೇ ಅಳತೆಗೋಲು ಮಾಡಿದರೆ ತೀರ್ಪುಗಾರನ ಪುಸ್ತಕದ ಕಪಾಟು ಸ್ಪರ್ಧಿಯ ಭವಿಷ್ಯ ಬರೆಯುತ್ತದೆ. ಹೆಸರಾದ ವಿಷಯ ಆರಿಸಿದವನಿಗೆ ಶಿಕ್ಷೆ, ಅಪರೂಪದ್ದನ್ನು ಆರಿಸಿದವನಿಗೆ ರಿಯಾಯಿತಿ ಸಿಗುತ್ತದೆ, ಅಥವಾ ತೀರ್ಪುಗಾರ ಅನುಮಾನದ ಸ್ವಭಾವದವನಾದರೆ ಅದಕ್ಕೆ ತದ್ವಿರುದ್ಧ. ಸಂದಿನ ವಿಷಯದಲ್ಲಿ ಈ ಪಕ್ಷಪಾತಕ್ಕೆ ಜಾಗವಿಲ್ಲ. ಸಂದು ಮಾರುತ್‌ನಲ್ಲಿದ್ದರೂ ಸಂದೇ.

ಬಣ್ಣದ ವಿಚಾರದಲ್ಲಿ ಪಂಡಿತರ ಆತ್ಮವಿಶ್ವಾಸವೂ ಹಲವು ಸಲ ಅಡಿಪಾಯವಿಲ್ಲದ್ದು. ಮೊದಲ ಮಹಾಯುದ್ಧದ ಕಾಲದ ಎಷ್ಟೋ ಕಪ್ಪು ಬಿಳುಪು ಫೋಟೋಗಳನ್ನು ತೆಗೆದದ್ದು ಕೆಂಪು ಬೆಳಕಿಗೆ ಸ್ಪಂದಿಸದ ಫಿಲ್ಮಿನಲ್ಲಿ. ಅದರಲ್ಲಿ ಕೆಂಪು, ಹಳದಿಗಳು ಕಪ್ಪಗೆ ಕಾಣುತ್ತವೆ, ನೀಲಿ ಬೆಳ್ಳಗಾಗುತ್ತದೆ. ಅಂಥ ಫೋಟೋ ನೋಡಿ ಇದು ಹಳದಿಯೋ ಕೆಂಪೋ ಎಂದು ವಾದಿಸುವವರು ಊಹೆಯನ್ನು ಪ್ರಮಾಣವೆಂದು ನಂಬಿರುತ್ತಾರೆ. ಇನ್ನು ಮರುಭೂಮಿಯ ಬಿಸಿಲಿನಲ್ಲಿ ಒಂದು ತಿಂಗಳು ನಿಂತ ವಿಮಾನಕ್ಕೂ ಕಾರ್ಖಾನೆಯಿಂದ ಆಗಷ್ಟೇ ಹೊರಬಂದದ್ದಕ್ಕೂ ಬಣ್ಣ ಒಂದೇ ಇರುವುದಿಲ್ಲ ಎಂಬ ಸಾಮಾನ್ಯ ಜ್ಞಾನವಂತೂ ಇದ್ದೇ ಇದೆ.

ಹಾಗಾದರೆ ನಿಖರತೆ ಬಿಟ್ಟು ಅಂದವನ್ನು ಅಳೆಯಲಿ ಎನ್ನಬಹುದು. ಮಾದರಿ ಕೂಡ ಕಲೆಯೇ, ಅದರ ಒಟ್ಟು ಪರಿಣಾಮವನ್ನು ನೋಡದೆ ಗೀರು ಎಣಿಸುವುದು ಸಣ್ಣತನವಲ್ಲವೇ? ಆಕ್ಷೇಪ ಬಲವಾದದ್ದು. ಆದರೆ ರುಚಿಯನ್ನು ಅಂಕಗಳಲ್ಲಿ ಹಿಡಿಯಲು ಹೊರಟವರ ಅನುಭವ ನೋಡಿ. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬ ವೈನ್ ತಯಾರಕ ಮತ್ತು ಸಂಖ್ಯಾಶಾಸ್ತ್ರಜ್ಞ ಒಂದು ಪರೀಕ್ಷೆ ಮಾಡಿದ. ಒಂದೇ ಬಾಟಲಿಯ ವೈನನ್ನು ಗುರುತಿಲ್ಲದೆ ಮೂರು ಸಲ ಬೇರೆ ಲೋಟಗಳಲ್ಲಿ ತೀರ್ಪುಗಾರರ ಮುಂದಿಟ್ಟ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಸುಮಾರು ಶೇ. 10 ಮಂದಿ ಮಾತ್ರ. ಅವರೆಲ್ಲ ಅನುಭವಿಗಳೇ, ಯಾರೂ ಮೋಸ ಮಾಡಿದವರಲ್ಲ. ಒಟ್ಟು ಅನಿಸಿಕೆಯ ಮೇಲೆ ತೀರ್ಪು ಕೊಡುವುದೇ ಅಷ್ಟು ಅಲುಗಾಡುವ ವಿದ್ಯೆ. ಮಾದರಿಕಾರರ ಸಂಘಗಳು ದಶಕಗಳ ಜಗಳದಿಂದ ಇದನ್ನು ತಮ್ಮದೇ ರೀತಿಯಲ್ಲಿ ಕಲಿತಿವೆ. ಬಾಲದ ರೆಕ್ಕೆ ಓರೆಯಾಗಿದೆಯೇ ಎಂದು ಮೂವರನ್ನು ಕೇಳಿದರೆ ಸಾಮಾನ್ಯವಾಗಿ ಒಂದೇ ಉತ್ತರ ಬರುತ್ತದೆ, ಚೆಂದವೇ ಎಂದು ಕೇಳಿದರೆ ಮೂರು. ಸ್ಪರ್ಧಿಯ ಹೆಸರು ಮಾದರಿಯ ಪಕ್ಕ ಕಾಣದಂತೆ ಇಡುವುದು, ಮೂವರ ತಂಡ ಮಾಡುವುದು, ತಾನೇ ಸ್ಪರ್ಧಿಸಿದ ವಿಭಾಗದಲ್ಲಿ ತೀರ್ಪುಗಾರನಾಗಬಾರದೆಂಬ ಕಟ್ಟು, ಇವೆಲ್ಲ ಅದೇ ಎಚ್ಚರದ ಬೇರೆ ಬೇರೆ ರೂಪಗಳು.

ಈ ಎಚ್ಚರಕ್ಕೆ ಬೆಲೆಯೂ ತೆರಬೇಕಾಗುತ್ತದೆ. ಒಂದೂ ಐಬಿಲ್ಲದ, ಜೀವವೂ ಇಲ್ಲದ ಮಾದರಿ ಗೆದ್ದು, ಒಂದು ಸಣ್ಣ ಗೀರಿದ್ದರೂ ಉಸಿರಾಡುವಂತಿರುವ ಮಾದರಿ ಸೋಲುವುದುಂಟು. ಜತೆಗೆ ಫ್ಯಾಷನ್ನಿನ ಒತ್ತಡ. 1980ರ ದಶಕದಲ್ಲಿ ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ ಅವರ ಬೆಳಕು ನೆರಳಿನ ಒರಸು ಬಣ್ಣಗಾರಿಕೆ ಎಲ್ಲೆಡೆ ಹಬ್ಬಿತು. ಆಮೇಲೆ ‘ಸ್ಪ್ಯಾನಿಶ್ ಶೈಲಿ’ ಎಂದೇ ಹೆಸರಾದ, ತಗಡಿನ ಗೆರೆಗಳನ್ನು ಕಪ್ಪಾಗಿಸಿ ನಡುವಿನ ಭಾಗವನ್ನು ಬೆಳಗಿಸುವ ರೀತಿ ಬಂತು. ಇದನ್ನು ಅತಿಯೆನ್ನುವವರ ಲೆಕ್ಕ ಹೀಗಿದೆ: 1:72 ಮಾದರಿಯನ್ನು ಒಂದಡಿ ದೂರದಿಂದ ನೋಡುವುದೆಂದರೆ ಅಸಲಿಯನ್ನು 72 ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರಕ್ಕೆ ತಗಡಿನ ಗೆರೆಗಳು ಅಷ್ಟಾಗಿ ಕಾಣುವುದಿಲ್ಲ. ಪುಟ್ಟ ವಸ್ತುವಿನ ಮೇಲೆ ದೊಡ್ಡ ವಿಮಾನದ ಮೇಲಿನಂತೆ ನೆರಳು ಬೀಳುವುದಿಲ್ಲ, ಅದನ್ನು ಬಣ್ಣದಿಂದಲೇ ತರಬೇಕು ಎಂಬುದು ಇನ್ನೊಂದು ಪಕ್ಷ. ಎರಡರಲ್ಲೂ ಸತ್ಯವಿದೆ. ಒಳ್ಳೆಯ ತೀರ್ಪುಗಾರ ಯಾವ ಪಕ್ಷವನ್ನೂ ಹಿಡಿಯದೆ, ಆರಿಸಿಕೊಂಡ ಶೈಲಿ ಮಾದರಿಯುದ್ದಕ್ಕೂ ಒಂದೇ ಹದದಲ್ಲಿದೆಯೇ ಎಂದಷ್ಟೇ ಕೇಳುತ್ತಾನೆ. ಎಲ್ಲರೂ ಒಳ್ಳೆಯ ತೀರ್ಪುಗಾರರಲ್ಲ ಎಂಬುದನ್ನೂ ಒಪ್ಪಬೇಕು. ಮನುಷ್ಯಾಕೃತಿಗಳು ಮತ್ತು ಒಂದು ಘಟನೆಯನ್ನು ಕಥೆಯಾಗಿ ಕಟ್ಟುವ ಡಯೋರಾಮಾಗಳ ವಿಷಯದಲ್ಲಂತೂ ಐಬು ಎಣಿಸುವ ಪದ್ಧತಿ ಸಾಲದು. ಅಲ್ಲಿ ಭಾವ, ಸಂಯೋಜನೆಗಳನ್ನು ಬಿಟ್ಟರೆ ಉಳಿಯುವುದೇ ಕಡಿಮೆ.

ಆ ಕೊರತೆಯಿಂದಲೇ ಇನ್ನೊಂದು ಪದ್ಧತಿ ಬಲಗೊಂಡಿತು. ಐ.ಪಿ.ಎಂ.ಎಸ್.ನ ಅಮೆರಿಕದ ಸಮಾವೇಶದಲ್ಲಿ ನೆಲೆಯೂರಿದ್ದು ಮೊದಲ, ಎರಡನೇ, ಮೂರನೇ ಸ್ಥಾನಗಳ ಕ್ರಮ: ಒಂದು ವಿಭಾಗದಲ್ಲಿ ಎಷ್ಟೇ ಮಾದರಿಗಳಿರಲಿ, ಪರಸ್ಪರ ಹೋಲಿಸಿ ಮೂರನ್ನು ಆರಿಸುವುದು. ಶಿಕಾಗೋದ ಶೆಪರ್ಡ್ ಪೇನ್ ಡಯೋರಾಮಾ ಕಲೆಯ ದೊಡ್ಡ ಹೆಸರು. ಅವರು ಮತ್ತು ಅವರ ಬಳಗದವರು ಎತ್ತಿಹಿಡಿದದ್ದು ಮುಕ್ತ ಪದ್ಧತಿ. ಅಲ್ಲಿ ಮಾದರಿಯನ್ನು ಪಕ್ಕದ ಮಾದರಿಯೊಂದಿಗೆ ಹೋಲಿಸುವುದಿಲ್ಲ, ಒಂದು ಮಟ್ಟದೊಂದಿಗೆ ಹೋಲಿಸುತ್ತಾರೆ. ಚಿನ್ನದ ಮಟ್ಟ ಮುಟ್ಟಿದವರು ಹತ್ತು ಮಂದಿಯಿದ್ದರೆ ಹತ್ತೂ ಮಂದಿಗೆ ಚಿನ್ನ, ಯಾರೂ ಇಲ್ಲದಿದ್ದರೆ ಯಾರಿಗೂ ಇಲ್ಲ. ಟ್ಯಾಂಕು, ಸೇನಾವಾಹನಗಳ ಮಾದರಿಕಾರರು ಅಮೆರಿಕದಲ್ಲಿ ಕಟ್ಟಿಕೊಂಡ ಎ.ಎಂ.ಪಿ.ಎಸ್. ಸಂಘ ಇದಕ್ಕೆ ಇನ್ನೊಂದನ್ನು ಸೇರಿಸಿತು. ಹಲವು ತೀರ್ಪುಗಾರರು ಪ್ರತ್ಯೇಕವಾಗಿ ಅಂಕ ಕೊಡುತ್ತಾರೆ, ಹೊಸಬರನ್ನು ನುರಿತವರಿಂದ ಬೇರೆ ಹಂತದಲ್ಲಿ ಇಡುತ್ತಾರೆ, ಸ್ಪರ್ಧಿಗೆ ಎಲ್ಲಿ ಕೊರತೆಯಾಯಿತು ಎಂದು ಬರೆದ ಹಾಳೆ ಕೊಡುತ್ತಾರೆ. ಮುಕ್ತ ಪದ್ಧತಿ ಪದಕಗಳನ್ನು ಪ್ರಸಾದದಂತೆ ಹಂಚುತ್ತದೆ ಎಂಬುದು ಹಳೆಯ ದೂರು. ಮಟ್ಟವನ್ನು ಬಿಗಿಯಾಗಿ ಹಿಡಿಯದಿದ್ದರೆ ಹಾಗಾಗುವುದು ನಿಜ. ಆದರೆ ಸ್ಥಾನ ಕೊಡುವ ಪದ್ಧತಿಯ ದೋಷ ಇನ್ನೂ ಆಳವಾದದ್ದು. ಹದಿನೈದು ಅತ್ಯುತ್ತಮ ಸ್ಪಿಟ್‌ಫೈರ್‌ಗಳು ಬಂದ ವರ್ಷ ನಾಲ್ಕನೆಯವನಿಗೆ ಏನೂ ಇಲ್ಲ, ಮೂರೇ ಸಾಧಾರಣ ಮಾದರಿಗಳು ಬಂದ ವಿಭಾಗದಲ್ಲಿ ಮೂವರಿಗೂ ಫಲಕ. ಆ ಫಲಕ ತನ್ನ ಕೆಲಸದ ಬಗ್ಗೆ ಏನು ಹೇಳುತ್ತದೆ ಎಂದು ಗೆದ್ದವನಿಗೇ ಗೊತ್ತಾಗುವುದಿಲ್ಲ. ಕಲಿಯಬೇಕೆಂದು ಬರುವವನಿಗೆ ಬರೆದ ಹಾಳೆಯೇ ಹೆಚ್ಚಿನದೆಂದು ನನ್ನ ಎಣಿಕೆ.

ಹವ್ಯಾಸಿಗಳು ಏಕೆ ಬರುತ್ತಾರೆ ಎಂಬ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ, ಮತ್ತು ಸ್ಪರ್ಧೆಯ ವಿರುದ್ಧ ಮನಶ್ಶಾಸ್ತ್ರದ ಒಂದು ಬಲವಾದ ಸಾಕ್ಷ್ಯವೂ ಇದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಅಧ್ಯಯನದಲ್ಲಿ ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬರೆದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಲಾಯಿತು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬರೆಯುವುದು ಕಡಿಮೆಯಾಯಿತು. ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಹಾಗಾದರೆ ಸ್ಪರ್ಧೆ ಹವ್ಯಾಸದ ಸಂತೋಷವನ್ನು ಕೊಲ್ಲುವುದಿಲ್ಲವೇ? ಅದಕ್ಕೂ ಎರಡು ವರ್ಷ ಮೊದಲು ಎಡ್ವರ್ಡ್ ಡೆಸಿ ಒಗಟಿನ ಆಟ ಕೊಟ್ಟು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಬಿಡಿಸಲು ನೆರವಾಗುತ್ತದೆ. ಹಣ ಕೊಟ್ಟಾಗ ಆಸಕ್ತಿ ಕುಗ್ಗಿತು, ಚೆನ್ನಾಗಿ ಮಾಡಿದ್ದೀಯೆಂದು ಬಾಯಿಮಾತಿನಲ್ಲಿ ತಿಳಿಸಿದಾಗ ಹೆಚ್ಚಿತು. ಆಮಿಷ ಬೇರೆ, ತನ್ನ ಕೆಲಸದ ಬಗ್ಗೆ ಸಿಗುವ ಮಾಹಿತಿ ಬೇರೆ. ಮಾದರಿ ಸ್ಪರ್ಧೆಯಲ್ಲಿ ಆಮಿಷ ಎನ್ನುವಂಥದ್ದು ಹೆಚ್ಚಿಲ್ಲ, ಕಿಟ್ಟಿನ ಖರ್ಚು ಕೂಡ ಗಿಟ್ಟುವುದಿಲ್ಲ. ಸಿಗುವುದು ಮಾಹಿತಿ. ಮನೆಯವರು ಎಷ್ಟು ಚೆನ್ನಾಗಿದೆ ಎನ್ನುತ್ತಾರೆ, ಗೆಳೆಯರು ಆಟಿಕೆಯೇ ಎಂದು ಕೇಳುತ್ತಾರೆ. ಎರಡೂ ಮಾತುಗಳಲ್ಲಿ ಪ್ರೀತಿ ಇರಬಹುದು, ಕಲಿಯುವುದಕ್ಕೇನೂ ಇಲ್ಲ. ಕೆನಡಾದ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಟೆಬ್ಬಿನ್ಸ್ 1982ರಿಂದ ‘ಗಂಭೀರ ವಿರಾಮ’ ಎಂದು ಕರೆಯುತ್ತ ಬಂದದ್ದು ಇಂಥ ಹವ್ಯಾಸಗಳನ್ನೇ: ವರ್ಷಗಳ ಶ್ರಮ, ವಿಶೇಷ ಜ್ಞಾನ, ತನ್ನದೇ ಏಣಿಯಲ್ಲಿ ಏರುವ ಹಂಬಲ ಬೇಡುವ ಬಿಡುವಿನ ಕೆಲಸ. ಏಣಿ ಹತ್ತುವವನಿಗೆ ಎಷ್ಟನೇ ಮೆಟ್ಟಿಲಿನಲ್ಲಿದ್ದೇನೆಂದು ತಿಳಿಯಬೇಕು.

ಬಹುಮಾನವಿಲ್ಲದೆಯೂ ಇದು ಸಾಧ್ಯ ಎನ್ನುವವರು ಜಪಾನಿನ ಕಡೆ ಕೈ ತೋರಿಸುತ್ತಾರೆ. ಟಮಿಯಾ ಮುಂತಾದ ಕಂಪನಿಗಳ ತವರಾದ ಶಿಜುವೊಕಾದಲ್ಲಿ ವರ್ಷಕ್ಕೊಮ್ಮೆ ಮಾದರಿಕಾರರ ಸಂಘಗಳು ಒಂದೇ ಸಭಾಂಗಣದಲ್ಲಿ ಮೇಜು ಹಾಕಿ ತಂತಮ್ಮ ಕೆಲಸ ಪ್ರದರ್ಶಿಸುತ್ತವೆ. ಅದು ಪ್ರದರ್ಶನ, ಪಂದ್ಯವಲ್ಲ. ಅಲ್ಲಿನ ಕೆಲಸದ ಮಟ್ಟ ಯಾರಿಗೂ ಕಡಿಮೆಯಿಲ್ಲ. ಬಹುಮಾನ ಅನಿವಾರ್ಯವಲ್ಲ ಎಂಬುದನ್ನು ಇದು ತೋರಿಸುತ್ತದೆ, ಅನುಮಾನವಿಲ್ಲ. ಆದರೆ ಪ್ರದರ್ಶನದಲ್ಲಿ ಎದುರಿಗೆ ನಿಂತು ತಪ್ಪು ಹೇಳುವವರು ಕಡಿಮೆ. ಮರ್ಯಾದೆ ಅಡ್ಡ ಬರುತ್ತದೆ. ತಪ್ಪು ಹೇಳುವುದನ್ನು ಒಬ್ಬರ ಕರ್ತವ್ಯವಾಗಿ ಮಾಡಿ, ಆ ಮುಜುಗರವನ್ನು ಇಬ್ಬರಿಂದಲೂ ಇಳಿಸುವುದು ಸ್ಪರ್ಧೆ ಮಾಡುವ ಉಪಕಾರ.

ಇನ್ನುಳಿದದ್ದು ಕಿಟ್ಟಿನ ತಕರಾರು. ಒಳ್ಳೆಯ ಅಚ್ಚಿನ ದುಬಾರಿ ಕಿಟ್ ಕೊಂಡವನ ಭಾಗಗಳು ತಾವಾಗಿ ಕೂಡಿಕೊಳ್ಳುತ್ತವೆ. ಹಳೆಯ, ಒರಟು ಕಿಟ್ ಹಿಡಿದವನು ಅದರ ಹತ್ತರಷ್ಟು ದುಡಿದರೂ ಅದೇ ಮಟ್ಟ ಮುಟ್ಟದಿರಬಹುದು. ಪಟ್ಟ ಪಾಡಿಗೆ ಅಂಕ ಕೊಡಬಾರದೇ? ಪಾಡು ಮೇಜಿನ ಮೇಲೆ ಕಾಣುವುದಿಲ್ಲ, ಕಾಣುವುದು ಫಲ ಮಾತ್ರ. ಪಾಡನ್ನು ಅಳೆಯಲು ಹೊರಟರೆ ಚೆನ್ನಾಗಿ ಗೋಳಾಡಿ ಬರೆದವನು ಗೆಲ್ಲುತ್ತಾನೆ. ಹಿತ್ತಾಳೆ ತಗಡಿನ ಸೂಕ್ಷ್ಮ ಭಾಗಗಳು, ರೆಸಿನ್ನಿನಲ್ಲಿ ಎರಕ ಹೊಯ್ದ ಎಂಜಿನ್ನುಗಳನ್ನು ಹಣ ಕೊಟ್ಟು ಸೇರಿಸುವವರ ವಿರುದ್ಧದ ದೂರಿಗೆ ಮಾತ್ರ ಸಂಘಗಳು ಒಂದು ಅಚ್ಚುಕಟ್ಟಾದ ದಾರಿ ಕಂಡುಕೊಂಡಿವೆ. ಪೆಟ್ಟಿಗೆಯಲ್ಲಿ ಬಂದದ್ದನ್ನು ಮಾತ್ರ ಬಳಸಬೇಕಾದ ಪ್ರತ್ಯೇಕ ವಿಭಾಗವಿದೆ. ಪುಟ್ಟಿ, ಸ್ಯಾಂಡ್‌ಪೇಪರ್, ಬಣ್ಣಗಳಿಗೆ ಅಡ್ಡಿಯಿಲ್ಲ. ಸೂಚನಾ ಹಾಳೆಯನ್ನು ಮಾದರಿಯ ಜತೆಗೇ ಇಡಬೇಕು, ಇಲ್ಲದ ಭಾಗವೊಂದು ಮಾದರಿಯಲ್ಲಿ ಕಂಡರೆ ತೀರ್ಪುಗಾರ ಹಾಳೆ ತಿರುವಿ ನೋಡುತ್ತಾನೆ. ಈ ಕೆಲಸವನ್ನು ಮಾಡುವ ತೀರ್ಪುಗಾರರು ಬೇರೆ ಯಾರೋ ಅಲ್ಲ, ಇನ್ನೊಂದು ವಿಭಾಗದಲ್ಲಿ ತಮ್ಮದೇ ಮಾದರಿ ಇಟ್ಟು ಬಂದ ಹವ್ಯಾಸಿಗಳು. ಹೊಸಬರನ್ನು ಅನುಭವಿಗಳ ತಂಡದ ಜತೆ ನಿಲ್ಲಿಸಿ ತೀರ್ಪಿನ ಕೆಲಸ ಕಲಿಸುವ ಏರ್ಪಾಡು ಅಮೆರಿಕದ ಸಮಾವೇಶದಲ್ಲಿದೆ. ಬರೆದ ಹಾಳೆ ಸಿಗದ ಕಡೆಯೂ ತಮ್ಮ ಮಾದರಿ ಏಕೆ ಸೋತಿತೆಂದು ತಿಳಿಯಬೇಕೆನ್ನುವವರು ಆ ತಂಡಕ್ಕೆ ಹೆಸರು ಕೊಡಬಹುದು.